ರಕ್ತದ ಗಂಟು ಎಂದವಳು ನಾನೇ

ಎಮ್ಮೆ ಹಾಯದಿದ್ದರೆ ನನ್ನಕ್ಕನ ಎದೆಯೊಳಗೆ ಏನಿದೆ ಎಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿ ಅವಳ ಗಂಡನ ಊರು. ಹೊಸದಾಗಿ ಈದ ಎಮ್ಮೆ, ಕರುವಿನ ಹತ್ತಿರ ಹೋದವಳನ್ನು ಗೋಡೆಗೆ ಒತ್ತಿ ಪಕ್ಕೆಗೆ ಹಾಯ್ದಿತ್ತು. ಉಸಿರೆಳೆದರೆ ಚುಚ್ಚುತ್ತದೆ ಎಂದು ಎರಡು ದಿನ ಒದ್ದಾಡಿ, ಮೂರನೆಯ ದಿನ ರಾಮದುರ್ಗಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದಳು. ಪಕ್ಕೆಲುಬಿನಲ್ಲಿ ಸಣ್ಣ ಬಿರುಕಿತ್ತು. ಅದಕ್ಕಿಂತ ಮೇಲೆ, ಎಮ್ಮೆಯ ಕೋಡಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲದ ಜಾಗದಲ್ಲಿ, ಒಂದು ಕಲೆ ಇತ್ತು. ಆ ಡಾಕ್ಟರು ಪುಣ್ಯಾತ್ಮ. ಪಕ್ಕೆಗೆ ಗುಳಿಗೆ ಕೊಟ್ಟು ಕಳಿಸಿಬಿಡಬಹುದಾಗಿತ್ತು, ಕಳಿಸಲಿಲ್ಲ. ಬೆಳಗಾವಿಗೆ ಹೋಗಿ ಸ್ಕ್ಯಾನ್ ಮಾಡಿಸಲೇಬೇಕು ಎಂದು ಚೀಟಿಯಲ್ಲಿ ಬರೆದು, ಬರೆದದ್ದರ ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದರು.

ನಾನಿರುವುದು ಬೈಲಹೊಂಗಲದಲ್ಲಿ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ರಾಮದುರ್ಗದಿಂದ ಸವದತ್ತಿ ದಾಟಿ ಬೆಳಗಾವಿಗೆ ಹೋಗುವವರಿಗೆ ನಮ್ಮೂರು ದಾರಿಯಲ್ಲೇ ಸಿಗುವುದರಿಂದ, ಅಕ್ಕ ಪ್ರತಿ ಪರೀಕ್ಷೆಗೂ ಹಿಂದಿನ ದಿನ ಬಂದು ನಮ್ಮ ಮನೆಯಲ್ಲಿ ಉಳಿಯುತ್ತಿದ್ದಳು. ಬರುವಾಗ ಒಂದು ಚೀಲ ರೊಟ್ಟಿ, ಶೇಂಗಾ ಹಿಂಡಿ, ಗಡಿಗೆಯಲ್ಲಿ ಮೊಸರು. ಆಸ್ಪತ್ರೆಗೆ ಹೋಗುತ್ತಿದ್ದೇನೆ ಎಂಬ ಅಂಜಿಕೆ ಅವಳಿಗೆ ಇರಲಿಲ್ಲ. ತಂಗಿಯ ಮನೆಗೆ ಎರಡು ದಿನ ಬರಲು ಒಂದು ನೆಪ ಸಿಕ್ಕಿತೆಂಬ ಖುಷಿ ಮಾತ್ರ ಇತ್ತು.

ಸೂಜಿ ಹಾಕಿ ಎದೆಯೊಳಗಿನ ಆ ಕಲೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರ ಫಲಿತಾಂಶ ಬಂದ ದಿನ ನಾನೂ ರಜೆ ಹಾಕಿ ಬೆಳಗಾವಿಗೆ ಹೋಗಿದ್ದೆ. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಬಾಗಿಲು ತೆರೆದ ನರ್ಸಮ್ಮ ಅವಳ ಹೆಸರು ಕೂಗಿದಳು. ಅಕ್ಕ ಎದ್ದು ನಿಂತಳು. ನರ್ಸಮ್ಮ ಅವಳನ್ನು ನೋಡಿ, ಗಂಡಸರು ಯಾರಿದ್ದೀರಿ, ಅವರು ಬರಲಿ ಎಂದಳು. ಅಕ್ಕ ಮತ್ತೆ ಕೂತಳು. ಮಾಮಾ, ಅಂದರೆ ಅಕ್ಕನ ಗಂಡ, ಒಳಗೆ ಹೋದರು, ಕಾಗದ ಓದಲು ಬರುವವಳೆಂದು ನನ್ನನ್ನೂ ಕರೆದುಕೊಂಡರು. ಶ್ವಾಸಕೋಶ ಅವಳದು, ಸುದ್ದಿ ಅವಳ ಗಂಡನದು. ಆ ಹೊತ್ತಿಗೆ ಇದು ನನಗೆ ವಿಚಿತ್ರ ಎನ್ನಿಸಲಿಲ್ಲ. ಇವತ್ತು ನೆನೆದರೆ ಮೈ ಉರಿಯುತ್ತದೆ.

ಡಾಕ್ಟರು ಸುತ್ತಿ ಬಳಸಿ ಮಾತನಾಡಲಿಲ್ಲ. ಕ್ಯಾನ್ಸರ್ ಹೌದು ಎಂದರು. ಆದರೆ ಸಣ್ಣದಿದೆ, ಒಂದೇ ಜಾಗದಲ್ಲಿದೆ, ಬೇರೆಲ್ಲಿಗೂ ಹೋಗಿಲ್ಲ. ಶ್ವಾಸಕೋಶದ ಅಷ್ಟು ಭಾಗವನ್ನು ಕತ್ತರಿಸಿ ತೆಗೆದರೆ ಅವರು ಬಹಳ ವರ್ಷ ಬದುಕುವ ಸಾಧ್ಯತೆ ಚೆನ್ನಾಗಿದೆ, ಇಷ್ಟು ಬೇಗ ಸಿಕ್ಕವರನ್ನು ನಾವು ನೋಡುವುದೇ ಕಡಿಮೆ ಎಂದರು. ಮೂರು ವಾರದ ನಂತರದ ಒಂದು ದಿನವನ್ನು ಬರೆದುಕೊಟ್ಟು, ಇದನ್ನು ತಪ್ಪಿಸಬೇಡಿ ಎಂದು ಎರಡು ಸಲ ಹೇಳಿದರು. ಸರ್ಕಾರದ ಕಾರ್ಡಿನ ಮೇಲೆ ಖರ್ಚು ನಡೆಯುತ್ತಿತ್ತು. ದುಡ್ಡಿಲ್ಲದೆ ಸತ್ತಳು ಎಂದು ಯಾರಾದರೂ ಕನಿಕರ ತೋರಿಸುವುದಾದರೆ ದಯವಿಟ್ಟು ಬೇಡ. ಅದು ಸುಳ್ಳು.

ಹೊರಗೆ ಬರುತ್ತಲೇ ಮಾಮಾ ಕಾಗದಗಳನ್ನು ಮಡಚಿ ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಆಕೆಗೆ ಈಗಲೇ ಏನೂ ಹೇಳುವುದು ಬೇಡ, ಊರಿಗೆ ಹೋಗಿ ಹಿರಿಯರ ಜೊತೆ ಕೂತು ವಿಚಾರ ಮಾಡೋಣ ಎಂದರು. ಮನುಷ್ಯ ಕೆಟ್ಟವನಲ್ಲ. ಆಸ್ಪತ್ರೆಯ ಹಿಂದಿನ ಗೋಡೆಗೆ ಹೋಗಿ ಅತ್ತು ಬಂದದ್ದನ್ನು ನಾನೇ ನೋಡಿದ್ದೇನೆ. ಆದರೆ ಅಳುವಾಗಲೂ ಕೈಯಲ್ಲಿ ಬೀಡಿ ಇತ್ತು ಎಂಬುದನ್ನು ಹೇಳದೆ ಬಿಡಲಾರೆ. ಮೂವತ್ತು ವರ್ಷ ಅದೇ ಬೀಡಿಯ ಹೊಗೆಯನ್ನು ಅಕ್ಕ ಮಲಗುವ ಕೋಣೆಯಲ್ಲಿ ಕುಡಿದಿದ್ದಾಳೆ. ಅಡುಗೆಮನೆಯಲ್ಲಿ ಹತ್ತಿಕಟ್ಟಿಗೆಯ ಹೊಗೆ, ಹೊರಗೆ ಗಂಡನ ಹೊಗೆ. ಮುಂದೆ ಸುದ್ದಿ ತಿಳಿದ ನೆಂಟರೆಲ್ಲ ಮಾಡಿದ್ದು ಒಂದೇ ಪ್ರಶ್ನೆ: ಹೆಣ್ಣುಮಗಳು, ಬೀಡಿ ಸಿಗರೇಟಿನ ಚಟವಿಲ್ಲ, ಹೇಗೆ ಬಂತು, ಏನು ಮಾಡಿದ್ದಳು? ಮಾಮಾನ ಮುಂದೆ ಕೂತು, ಮಾಮಾ ಕೊಟ್ಟ ಬೀಡಿ ಹಚ್ಚಿಕೊಂಡೇ ಇದನ್ನು ಕೇಳುತ್ತಿದ್ದರು.

ಆ ಭಾನುವಾರ ಸಾಲಹಳ್ಳಿಯ ಪಡಸಾಲೆಯಲ್ಲಿ ಹಿರಿಯರು ಕೂತರು. ನಮ್ಮಲ್ಲಿ ಇದು ರೂಢಿ. ಹೊಲ ಹಂಚುವುದಿರಲಿ, ಹೆಣ್ಣು ಕೊಡುವುದಿರಲಿ, ಹಿರಿಯರು ಕೂತು ಒಂದು ಮಾತಿಗೆ ಬರಬೇಕು. ಬಂದ ಮೇಲೆ ಅದನ್ನು ಯಾರೂ ಮುರಿಯುವಂತಿಲ್ಲ. ಮಾಮಾ, ಅವರ ಅಣ್ಣ, ನಮ್ಮ ಸೋದರಮಾವ, ಮಾಮಾನ ಬಳಗದ ಇಬ್ಬರು ವಯಸ್ಸಾದವರು, ಹೀಗೆ ಐದು ಜನ. ಓದಿದವಳು ಎಂಬ ಕಾರಣಕ್ಕೆ ಬಾಗಿಲ ಹತ್ತಿರ ನನಗೂ ಜಾಗ ಸಿಕ್ಕಿತ್ತು. ಅಕ್ಕ ಒಳಗೆ ಒಲೆಯ ಮುಂದಿದ್ದಳು. ಮಗಳ ಲಗ್ನದ ಮಾತು ನಡೆದಿದೆ ಎಂದು ತಿಳಿದು ಎರಡು ಸಲ ಚಹಾ ಮಾಡಿ ಕಳಿಸಿದಳು. ಎರಡನೆಯ ಸಲ ಏಲಕ್ಕಿ ಹಾಕಿದ್ದಳು.

ಲಗ್ನದ ಮಾತೂ ಸುಳ್ಳಲ್ಲ. ಅಕ್ಕನ ಮಗಳಿಗೆ ಕಿತ್ತೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಮನೆ ಒಳ್ಳೆಯದು, ಎರಡೂ ಕಡೆಯವರಿಗೆ ಮನಸ್ಸಾಗಿತ್ತು. ನಿಶ್ಚಯ ಮಾತ್ರ ಬಾಕಿ. ಮಾತೆಲ್ಲ ಬಂದು ನಿಂತದ್ದು ಅಲ್ಲಿಗೇ. ಮಾಮಾನ ಅಣ್ಣ ಗೋಡೆಗೆ ಒರಗಿ, ಕಪ್ಪು ಕೆಳಗಿಟ್ಟು ಹೇಳಿದರು:

"ತಾಯಿಗಿ ಅಂಥಾದ್ದ ಐತಿ ಅಂತ ಕಿತ್ತೂರ ಮಂದಿಗಿ ಗೊತ್ತಾದ್ರ, ನಾಳೆ ಮಗಳಿಗೂ ಬರ್ತದ ಅಂತಾರ. ಹುಡಗಿ ಮನ್ಯಾಗ ಉಳೀತಾಳ. ಲಗ್ನ ಒಂದ ಮುಗೀಲಿ, ಆಮ್ಯಾಲ ಆಪರೇಶನ್ ಮಾಡ್ಸೂಣು."

ಬಳಗದ ಹಿರಿಯರೊಬ್ಬರು ಇನ್ನೊಂದು ಸೇರಿಸಿದರು. ಇಂಥ ಗಂಟಿಗೆ ಕತ್ತರಿ ಹಾಕಿದರೆ ಗಾಳಿ ತಾಗಿ ಮೈಯೆಲ್ಲ ಹಬ್ಬುತ್ತದೆ, ಅವರಿಗೆ ಗೊತ್ತಿರುವ ಯಾರಿಗೋ ಹಾಗೇ ಆಗಿತ್ತು. ಆ ಯಾರೋ ಆಸ್ಪತ್ರೆಗೆ ಹೋಗುವ ಹೊತ್ತಿಗೆ ರೋಗ ಆಗಲೇ ಹಬ್ಬಿತ್ತಲ್ಲವೇ ಎಂದು ನಾನು ಕೇಳಿದೆ. ಅವರು ನನ್ನನ್ನು ನೋಡಲೇ ಇಲ್ಲ, ಮಾಮಾನನ್ನು ನೋಡಿ ಉತ್ತರ ಕೊಟ್ಟರು.

ನಾನು ಜಗಳಾಡಿದೆ. ನನ್ನ ಬದುಕಿನಲ್ಲಿ ಹಿರಿಯರ ಮುಂದೆ ದನಿ ಎತ್ತಿದ್ದು ಅದೇ ಮೊದಲು. ಲಗ್ನ ಮುಗಿಯುವುದಕ್ಕೆ ಐದಾರು ತಿಂಗಳು ಬೇಕು, ಇದು ಕಾಯುವ ರೋಗವಲ್ಲ, ಇವತ್ತು ತೆಗೆದರೆ ಹೋಗುತ್ತದೆ, ನಾಳೆ ತೆಗೆಯಲು ಬರುವುದಿಲ್ಲ ಎಂದು ಮಕ್ಕಳಿಗೆ ಹೇಳುವಂತೆ ಬಿಡಿಸಿ ಬಿಡಿಸಿ ಹೇಳಿದೆ. ಕೊನೆಗೆ ಸೋದರಮಾವನ ಮನಸ್ಸು ಕರಗಿತು. ಒಪ್ಪಂದವಾಯಿತು. ಆಪರೇಶನ್ ಡಾಕ್ಟರು ಹೇಳಿದ ದಿನವೇ ಆಗಲಿ. ಆದರೆ ರೋಗದ ಹೆಸರು ಊರಲ್ಲಿ ಯಾರ ಕಿವಿಗೂ ಬೀಳಕೂಡದು, ಅಕ್ಕನ ಕಿವಿಗಂತೂ ಬೀಳಲೇಕೂಡದು. ಹೆಂಗಸು, ಬಾಯಿ ಬಿಡುತ್ತಾಳೆ, ಇಲ್ಲ ಅಂಜಿ ಸಾಯುತ್ತಾಳೆ. ಎಮ್ಮೆ ಹಾಯ್ದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಅದನ್ನು ತೆಗೆಯಬೇಕು ಎಂದು ಹೇಳುವುದು. ಹೇಳುವವರು ಯಾರು? ನಾನು. ಸಾಲಿ ಕಲಿಸುವವಳು ಹೇಳಿದರೆ ನಂಬುತ್ತಾಳೆ ಎಂದರು.

ಗೆದ್ದೆನೆಂದೇ ತಿಳಿದೆ. ಒಂದು ಸಣ್ಣ ಸುಳ್ಳಿಗೆ ಒಂದು ದೊಡ್ಡ ಜೀವ ಬಂತು ಎಂದು ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ. ಅಂದೇ ಸಂಜೆ ಅಕ್ಕನನ್ನು ಕೂರಿಸಿಕೊಂಡು, ಪೆಟ್ಟು ಬಿದ್ದಾಗ ಒಳಗಿನ ಸಣ್ಣ ರಕ್ತನಾಳ ಒಡೆದು ರಕ್ತ ಹೇಗೆ ಸೋರುತ್ತದೆ, ಅದು ಹೇಗೆ ಗಂಟಾಗುತ್ತದೆ ಎಂದು ತರಗತಿಯಲ್ಲಿ ಹೇಳುವಷ್ಟೇ ಚೆಂದವಾಗಿ ಹೇಳಿದೆ. ಕಾಗದದ ಮೇಲೆ ಚಿತ್ರವನ್ನೂ ಬರೆದೆ. ಅವಳು ಆ ಚಿತ್ರ ನೋಡಿ, ಎಷ್ಟು ಓದಿಕೊಂಡಿದ್ದಿ ನೀನು ಎಂದು ನನ್ನ ಕೆನ್ನೆ ಸವರಿದಳು.

ಮುಂದಿನದು ನಾನು ಲೆಕ್ಕಕ್ಕೆ ಹಿಡಿಯದೇ ಇದ್ದ ಸಂಗತಿ. ಅಕ್ಕ ದಡ್ಡಿಯಲ್ಲ. ನಾನು ಹೇಳಿದ್ದನ್ನು ಪೂರ್ತಿ ನಂಬಿದಳು, ನಂಬಿ ಅದರಂತೆಯೇ ನಡೆದಳು. ದಿನಾ ಪಕ್ಕೆಗೆ ಬಿಸಿ ಉಪ್ಪಿನ ಶಾಖ ಕೊಟ್ಟುಕೊಂಡಳು, ಅರಿಸಿನ ಹಾಕಿದ ಹಾಲು ಕುಡಿದಳು. ಎಲುಬು ತಾನಾಗಿ ಕೂಡಿತು, ನೋವು ಹೋಯಿತು. ನೋವು ಹೋದ ಮೇಲೆ ರಕ್ತದ ಗಂಟು ಕರಗಿತೆಂದು ತಾನೇ ಅರ್ಥ? ಬೆಳಗಾವಿಗೆ ಹೊರಡಬೇಕಾದ ಹಿಂದಿನ ದಿನ ಫೋನ್ ಮಾಡಿ, ನಾ ಒಲ್ಲೆ ಎಂದಳು.

"ಬಾವೂ ಇಲ್ಲ, ನೋವೂ ಇಲ್ಲ. ಕರಗಿದ ಗಂಟಿಗಿ ಯಾರರ ಎದಿ ಸೀಳಿಸಿಗೋತಾರೇನ ತಂಗಿ? ಬರೂ ವಾರ ಕಿತ್ತೂರವರು ನಿಶ್ಚಯಕ್ಕ ಬರತಾರ. ನಾ ಹಾಸಗಿ ಹಿಡದ್ರ ಮಾಡವ್ರ ಯಾರು?"

ಡಾಕ್ಟರು ಸಿಟ್ಟಾಗುತ್ತಾರೆ ಎಂದೆ. ಸಿಟ್ಟಾದರೆ ಆಗಲಿ, ಅವರ ಮಗಳ ಲಗ್ನವೇ ಎಂದಳು. ಮಾಮಾಗೆ ಫೋನ್ ಕೊಡಿಸಿ, ಈಗಲಾದರೂ ನಿಜ ಹೇಳಿರಿ ಎಂದು ಬೇಡಿಕೊಂಡೆ. ಹಿರಿಯರ ಮಾತಾಗಿದೆ, ಹೇಗೆ ಮುರಿಯಲಿ ಎಂದರು. ಅಣ್ಣನನ್ನು ಕೇಳುತ್ತೇನೆ ಎಂದರು. ಅಣ್ಣ, ಆಕೆಯೇ ಬೇಡ ಅನ್ನುತ್ತಿರುವಾಗ ನಾವು ಹೇಗೆ ಜುಲುಮೆ ಮಾಡುವುದು ಎಂದರಂತೆ. ಅಲ್ಲಿಯವರೆಗೆ ಆಕೆಯನ್ನು ಒಂದು ಮಾತೂ ಕೇಳದವರಿಗೆ ಆವತ್ತು ಆಕೆಯ ಮಾತು ಬಹಳ ದೊಡ್ಡದಾಯಿತು. ಹೀಗೆ ಆ ದಿನ ಕಳೆದುಹೋಯಿತು.

ನಾನೇ ಹೋಗಿ ಹೇಳುತ್ತೇನೆ ಎಂದು ಒಂದು ವಾರ ಬಿಟ್ಟು ಹೊರಟೆ. ಹುಣ್ಣಿಮೆಯ ದಿನ. ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ದೇವಿಯ ಗುಡ್ಡಕ್ಕೆ ಹೋಗುವವರ ಗದ್ದಲದಲ್ಲಿ ರಾಮದುರ್ಗದ ಬಸ್ಸಿಗೆ ಕಾಯುತ್ತಾ, ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ. ಅಕ್ಕಾ, ನಾನು ನಿನಗೆ ಸುಳ್ಳು ಹೇಳಿದೆ. ಅಷ್ಟೇ ಹೇಳಿದರೆ ಮುಂದಿನದು ತಾನಾಗಿ ಬರುತ್ತದೆ ಎಂದುಕೊಂಡೆ. ಮನೆ ಮುಟ್ಟಿದರೆ ಅಂಗಳದ ತುಂಬ ಓಣಿಯ ಹೆಂಗಸರು. ನಿಶ್ಚಯ ಮುಗಿದು ಲಗ್ನದ ಶಾವಿಗೆಗೆ ಕೈ ಹಾಕಿದ್ದರು. ಅಕ್ಕ ಮಧ್ಯದಲ್ಲಿ ಕೂತು ನಗುತ್ತಿದ್ದಳು. ನನ್ನನ್ನು ನೋಡಿ, ಬಾ ಬಾ, ಕೈ ತೊಳೆದುಕೊಂಡು ಕೂಡು ಎಂದು ಹಿಟ್ಟಿನ ಮುದ್ದೆ ನನ್ನ ಕಡೆ ತಳ್ಳಿದಳು. ಸಂಜೆಯವರೆಗೆ ಶಾವಿಗೆ ಹೊಸೆದೆ. ಕೊನೆಯ ಬಸ್ಸಿಗೆ ಹತ್ತಿಸಲು ಅವಳೇ ಬಂದಳು, ನಿಲ್ದಾಣದವರೆಗೆ ನಾವಿಬ್ಬರೇ ನಡೆದೆವು. ಹೇಳಲು ಅಷ್ಟು ದಾರಿ ಸಾಕಾಗಿತ್ತು. ನಾನು ಹೇಳಲಿಲ್ಲ. ಹಿರಿಯರಿಗೆ ಅಂಜಿದೆನೇ, ಲಗ್ನ ಮುರಿದರೆ ನನ್ನ ಮೇಲೆ ಬರುತ್ತದೆಂದು ಅಂಜಿದೆನೇ, ಅಕ್ಕ ನನ್ನನ್ನು ಇನ್ನು ನಂಬುವುದಿಲ್ಲ ಎಂದು ಅಂಜಿದೆನೇ, ಈಗ ಬಗೆಹರಿಯುವುದಿಲ್ಲ. ಮೂರೂ ಇರಬೇಕು. ಎಂಟನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೊಮ್ಮೆ ಉಸಿರಾಟದ ಪಾಠ ಮಾಡುವ ನನಗೆ ಆ ಹೊತ್ತಿನಲ್ಲಿ ಬಾಯೇ ಬರಲಿಲ್ಲ. ಬೇರೆಯವರ ಮೇಲೆ ಎಷ್ಟು ಸಿಟ್ಟಿದೆಯೋ ಅದಕ್ಕಿಂತ ಹೆಚ್ಚು ನನ್ನ ಮೇಲಿದೆ.

ಲಗ್ನ ಚೆನ್ನಾಗಿಯೇ ಆಯಿತು. ಅಕ್ಕ ಓಡಾಡಿ ಎಲ್ಲವನ್ನೂ ಮಾಡಿದಳು. ಕುಪ್ಪಸ ಸಡಿಲಾಗಿತ್ತು, ಲಗ್ನದ ಓಡಾಟಕ್ಕೆ ಸಣ್ಣಗಾಗಿದ್ದಾಳೆ ಎಂದರು. ಕೆಮ್ಮುತ್ತಿದ್ದಳು, ಹೋಮದ ಹೊಗೆ ಎಂದರು. ಬೀಗರ ಮುಂದೆ ಕೆಮ್ಮಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ಮಗಳನ್ನು ಕಿತ್ತೂರಿಗೆ ಕಳಿಸಿದ ಮೇಲೆ ಒಂದು ಕೊಡ ನೀರು ತರುವಷ್ಟರಲ್ಲಿ ಮೂರು ಕಡೆ ನಿಲ್ಲತೊಡಗಿದಳು. ಆಗ ಹಿರಿಯರಿಗೆ ಆಪರೇಶನ್ ನೆನಪಾಯಿತು. ತಾವು ಕೊಟ್ಟ ಮಾತಿಗೆ ತಪ್ಪಲಿಲ್ಲ ಎನ್ನುವಂತೆ ಜೀಪು ಗೊತ್ತು ಮಾಡಿ ಬೆಳಗಾವಿಗೆ ಕಳಿಸಿದರು.

ಅದೇ ಡಾಕ್ಟರು. ಹೊಸ ಸ್ಕ್ಯಾನನ್ನು ದೀಪದ ಮುಂದೆ ಹಿಡಿದು ಬಹಳ ಹೊತ್ತು ನೋಡಿದರು. ಎದೆಯಲ್ಲಿ ನೀರು ತುಂಬಿದೆ, ಬೆನ್ನೆಲುಬಿಗೂ ಹೋಗಿದೆ, ಈಗ ಕತ್ತರಿಸುವ ಮಾತಿಲ್ಲ ಎಂದರು. ಆಮೇಲೆ, ಆವತ್ತು ಯಾಕೆ ಬರಲಿಲ್ಲ ಎಂದು ಕೇಳಿದರು. ಮಾಮಾ ನೆಲ ನೋಡಿದರು. ನಾನು ಮಾಮಾನನ್ನು ನೋಡಿದೆ. ಈ ಸಲ ಅಕ್ಕ ಒಳಗೇ ಇದ್ದಳು, ನಡೆಯಲಾರದವಳನ್ನು ಹೊರಗೆ ಬೆಂಚಿನ ಮೇಲೆ ಬಿಡಲಾಗಲಿಲ್ಲ. ನೋವು ಹೋಗಿತ್ತಲ್ಲರಿ ಸಾಹೇಬ್ರ, ರಕ್ತದ ಗಂಟು ಕರಗಿರಬೇಕು ಅಂತ ಬರಲಿಲ್ಲ ಎಂದು ಅವಳೇ ಉತ್ತರ ಕೊಟ್ಟಳು. ಯಾವ ರಕ್ತದ ಗಂಟು ಎಂದು ಡಾಕ್ಟರು ಕೇಳಿದರು. ಕೇಳಿ, ನಮ್ಮಿಬ್ಬರ ಮುಖ ನೋಡಿ, ಎಲ್ಲ ಅರ್ಥವಾದವರಂತೆ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಕ್ಕ ಅಳಲಿಲ್ಲ. ಮೊದಲ ಸಲವೇ ಇದು ಇತ್ತೇ ಎಂದು ಒಂದನ್ನೇ ಕೇಳಿದಳು. ಇತ್ತು ಎಂದರು.

ಮರಳಿ ಬರುವಾಗ ಬೈಲಹೊಂಗಲದಲ್ಲಿ ಇಳಿದಳು. ಗಂಡನಿಗೆ, ನೀವು ಊರಿಗೆ ಹೋಗ್ರಿ, ನಾ ಇಲ್ಲಿ ಇರತೇನಿ ಎಂದಳು. ಮನೆಯೊಳಗೆ ಬಂದು ಕೂತು, ಮೊದಲಿನ ಕಾಗದ ಎಲ್ಲಿವೆ, ಓದು ಎಂದಳು. ಡಾಕ್ಟರಿಗೆ ತೋರಿಸಲೆಂದು ಮಾಮಾ ತಂದಿದ್ದ ಅವು ಈಗ ನನ್ನ ಚೀಲದಲ್ಲಿದ್ದವು. ಓದಿದೆ. ಒಂದೊಂದು ಸಾಲಿಗೂ ನಿಲ್ಲಿಸಿ ಅರ್ಥ ಕೇಳಿದಳು. ಒಂದೇ ಜಾಗದಲ್ಲಿದೆ ಎಂದರೇನು, ಬೇರೆ ಕಡೆ ಹಬ್ಬಿಲ್ಲ ಎಂದರೇನು, ತೆಗೆಯಬಹುದು ಎಂದರೇನು. ಎಲ್ಲಕ್ಕೂ ಉತ್ತರ ಹೇಳಿದೆ. ಈಗ ಸುಳ್ಳು ಹೇಳಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಓದಿ ಮುಗಿದ ಮೇಲೆ ಕಾಗದವನ್ನು ತಾನೇ ಇಸಿದುಕೊಂಡು ನೀಟಾಗಿ ಮಡಚಿದಳು.

"ಹೇಳಿದ್ದರ ನಾ ಅವತ್ತ ಬರತಿದ್ನಿ. ಲಗ್ನಾ ಆರ ತಿಂಗಳ ಮುಂದ ಹಾಕ್ರಿ ಅಂತ ಬೀಗರಿಗಿ ನಾನ ಹೇಳತಿದ್ನಿ. ಒಪ್ಪಿದ್ರ ಒಪ್ಪತಿದ್ರು, ಇಲ್ಲಂದ್ರ ಬ್ಯಾರೆ ಹುಡಗ ಸಿಗತಿದ್ದ. ಮಗಳ ಸಲುವಾಗಿ ಅಂದ್ರಿ ಎಲ್ಲಾರೂ. ಆ ಮಗಳ ಬಾಣಂತನ ಯಾರ ಮಾಡ್ತಾರ ಅಂತ ಒಬ್ಬರರ ವಿಚಾರ ಮಾಡಿದ್ರೇನು?"

ನಾನು ಅವಳ ಕಾಲು ಹಿಡಿದುಕೊಂಡೆ. ಬಿಡು, ಕಾಲು ನೋಯುತ್ತದೆ ಎಂದಳು.

ಆಮೇಲೆ ಅವಳ ರೋಗದ ಕೆಲಸವನ್ನೆಲ್ಲ ಅವಳೇ ಮಾಡಿದಳು. ಸಲೈನಿನ ಔಷಧಿಗೆ ಯಾವ ದಿನ ಹೋಗಬೇಕು, ಯಾವ ಗುಳಿಗೆ ಒಲ್ಲೆ, ಯಾವಾಗ ಸಾಕು ಎಲ್ಲ ಅವಳೇ ಹೇಳಿದಳು. ಡಾಕ್ಟರ ಮುಂದಿನ ಕುರ್ಚಿಯಲ್ಲಿ ಅವಳು ಕೂತಳು, ಗಂಡಸರು ಬೆಂಚಿನ ಮೇಲೆ ಕೂತರು. ಓಣಿಯಲ್ಲಿ ಯಾರಾದರೂ ದನಿ ತಗ್ಗಿಸಿ ಏನಾಗಿದೆ ಎಂದು ಕೇಳಿದರೆ, ಕ್ಯಾನ್ಸರ್ ಆಗಿದೆ, ಎದೆಯಲ್ಲಿ, ಎಂದು ಗಟ್ಟಿಯಾಗಿಯೇ ಹೇಳುತ್ತಿದ್ದಳು. ಕಿತ್ತೂರಿನ ಬೀಗರಿಗೂ ತಾನೇ ಫೋನ್ ಮಾಡಿ ಹೇಳಿದಳು. ಹಿರಿಯರು ಅಂಜಿದಂತೆ ಏನೂ ಆಗಲಿಲ್ಲ. ಬೀಗಿತಿ ಮರುದಿನವೇ ಬಂದು, ಮೊದಲೇ ಹೇಳಬಾರದಿತ್ತೇ, ನಾವೇನು ಮನುಷ್ಯರಲ್ಲವೇ ಎಂದು ಅತ್ತರು. ಅವರ ಆ ಮಾತು ಕೇಳಿದಾಗ ನನಗೆ ಆ ಪಡಸಾಲೆಯ ಐದೂ ಜನರನ್ನು ಹಿಡಿದು ಬೆಳಗಾವಿಯ ಆ ಬೆಂಚಿನ ಮೇಲೆ ವರ್ಷಗಟ್ಟಲೆ ಕೂರಿಸಬೇಕು ಎನ್ನಿಸಿತು.

ಮಗಳಿಗೂ ಯಾರೂ ಹೇಳಿರಲಿಲ್ಲ. ತಿಳಿದ ದಿನ ಬಂದವಳು ದೊಡ್ಡಪ್ಪನ ಮುಂದೆ ನಿಂತು, "ನನ್ನ ಹೆಸರ ಹೇಳಿ ನಮ್ಮವ್ವನ ಕೊಂದ್ರಿ. ನನಗ ಒಂದ ಮಾತ ಕೇಳಿದ್ದರ ನಾನ ಲಗ್ನಾ ಒಲ್ಲೆ ಅಂತಿದ್ನಿ" ಎಂದಳು. ದೊಡ್ಡಪ್ಪ, ದುಃಖದಲ್ಲಿದ್ದಾಳೆ, ತಿಳಿಯದೆ ಮಾತಾಡುತ್ತಾಳೆ ಎಂದರು. ನನ್ನ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಬಿಳಿಜೋಳದ ಸುಗ್ಗಿ ಮುಗಿದ ಮೇಲೆ ಅಕ್ಕ ತೀರಿಕೊಂಡಳು. ಮಣ್ಣಿಗೆ ಬಂದವರೆಲ್ಲ ಹಣೆಬರಹ ಎಂದರು. ಆಯುಷ್ಯ ಅಷ್ಟೇ ಇತ್ತು ಎಂದರು. ಅವಳ ಹಣೆಬರಹವನ್ನು ಬರೆದದ್ದು ಎಲ್ಲಿ ಎಂದು ನನಗೆ ಗೊತ್ತು. ಪಡಸಾಲೆಯಲ್ಲಿ, ಐದು ಜನ ಕೂತು, ಅವಳೇ ಮಾಡಿಕೊಟ್ಟ ಚಹಾ ಕುಡಿಯುತ್ತಾ ಬರೆದರು. ಅದನ್ನು ಅವಳಿಗೆ ಚಿತ್ರ ಬಿಡಿಸಿ ತಿಳಿಸಿದವಳು ನಾನು. ಇದನ್ನು ಆ ದಿನ ಅಲ್ಲೇ, ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದೆ. ಅಂದಿನಿಂದ ಮಾಮಾನ ಅಣ್ಣ ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ತುಳಿಯದಿದ್ದರೆ ಒಳ್ಳೆಯದೇ ಆಯಿತು.

ಅಕ್ಕನ ಮಗಳಿಗೆ ಈಗ ಹೆರಿಗೆಯಾಗಿದೆ, ಹೆಣ್ಣುಮಗು. ಚೊಚ್ಚಲು, ತವರಿನಲ್ಲೇ ಆಗಬೇಕು. ಆದರೆ ಸಾಲಹಳ್ಳಿಯ ಮನೆಯಲ್ಲಿ ಎರೆಯುವ ಕೈ ಇಲ್ಲ. ಏಳನೆಯ ತಿಂಗಳಲ್ಲಿ ತಾನೇ ಫೋನ್ ಮಾಡಿ, ಬೈಲಹೊಂಗಲಕ್ಕೆ ಬರುತ್ತೇನೆ ಎಂದಷ್ಟೇ ಹೇಳಿ ಇಟ್ಟಳು. ಶಾಲೆಗೆ ರಜೆ ಹಾಕಿದ್ದೇನೆ. ಬೆಳಿಗ್ಗೆ ಅವಳ ಬೆನ್ನಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತೇನೆ, ಕಾಲ ಮೇಲೆ ಮಲಗಿಸಿಕೊಂಡು ಮಗುವಿಗೆ ಎರೆಯುತ್ತೇನೆ. ಅವಳು ಬೇಕಾದ್ದಕ್ಕೆ ಮಾತಾಡುತ್ತಾಳೆ, ಅದಕ್ಕಿಂತ ಹೆಚ್ಚು ಮಾತಾಡುವುದಿಲ್ಲ. ನಿನ್ನೆ ನೀರು ಹಾಕುವಾಗ, ತಿರುಗದೆಯೇ, ಅವ್ವನಿಗೆ ನೀನು ಬರೆದು ತೋರಿಸಿದ ಆ ಚಿತ್ರ ಈಗಲೂ ಇದೆಯೇ ಎಂದು ಕೇಳಿದಳು. ಇಲ್ಲ ಎಂದೆ. ನೀರು ಹಾಕು, ಆರುತ್ತದೆ ಎಂದಳು.